ಇಪಿಪಿ ಸಂಪರ್ಕವಾದ ಮೇಲೆ ಗ್ರೀಟಿಂಗ್ ಓದುವಾಗ ಪ್ರೋಗ್ರಾಂ ನಿಂತುಹೋಗುವುದು

ಇಪಿಪಿ (ಡೊಮೇನ್ ಹೆಸರುಗಳ ದಾಖಲೆ ಇಡುವ ಸಂಸ್ಥೆಯಾದ ರಿಜಿಸ್ಟ್ರಿಯ ಸರ್ವರ್ ಜೊತೆ ಮಾತನಾಡುವ ನಿಯಮಾವಳಿ) ಬಳಸುವಾಗ ಟಿಎಲ್‌ಎಸ್ (ಗೂಢಲಿಪೀಕರಿಸಿದ) ಸಂಪರ್ಕ ಸಿಗುತ್ತದೆ, ಆದರೆ ಗ್ರೀಟಿಂಗ್ (ಸಂಪರ್ಕವಾದೊಡನೆ ಸರ್ವರ್ ಕಳುಹಿಸುವ ಮೊದಲ ಸಂದೇಶ) ಓದುವ ಸಾಲಿನಲ್ಲಿ ಪ್ರೋಗ್ರಾಂ ನಿಂತೇಬಿಡುತ್ತದೆ ಎಂದು ಬರೆದಿದ್ದೀರಿ. ಬಹುಮಟ್ಟಿಗೆ ಇದು ಉದ್ದದ ಲೆಕ್ಕ ತಪ್ಪಿರುವ ಲಕ್ಷಣ. ಇಪಿಪಿ ಸಂದೇಶದ ಮೊದಲ 4 ಬೈಟ್‌ಗಳು ಒಟ್ಟು ಉದ್ದವನ್ನು ಹೇಳುತ್ತವೆ. ಆ ಒಟ್ಟಿನಲ್ಲಿ ಆ 4 ಬೈಟ್‌ಗಳೂ ಸೇರಿವೆ. ಲೈಬ್ರರಿ ಅದನ್ನು ಬರೀ ಎಕ್ಸ್‌ಎಂಎಲ್‌ನ (ಆ 4 ಬೈಟ್‌ಗಳ ನಂತರ ಬರುವ ಸಂದೇಶದ ಪಠ್ಯದ) ಉದ್ದವೆಂದು ತಿಳಿದರೆ, ಎಂದಿಗೂ ಬಾರದ 4 ಬೈಟ್‌ಗಳಿಗಾಗಿ ಕಾಯುತ್ತಲೇ ಇರುತ್ತದೆ. ಇಪಿಪಿಯ ಮಾನದಂಡ ದಾಖಲೆಯಾದ ಆರ್‌ಎಫ್‌ಸಿ 5734ರಲ್ಲಿ ಈ ನಿಯಮ ಸ್ಪಷ್ಟವಾಗಿದೆ.

ಮೊದಲು 4 ಬೈಟ್ ಓದಿ, ಬಿಗ್ ಎಂಡಿಯನ್ (ಹೆಚ್ಚು ಬೆಲೆಯ ಬೈಟ್ ಮೊದಲು ಬರುವ) ಪೂರ್ಣಾಂಕವಾಗಿ ಪರಿವರ್ತಿಸಿ, ಲಾಗ್‌ನಲ್ಲಿ ದಾಖಲಿಸಿ. ಅದರಿಂದ 4 ಕಳೆದು ಉಳಿದಷ್ಟನ್ನು ಲೂಪ್‌ನಲ್ಲಿ ಓದಿ; ಒಂದೇ ಸಲಕ್ಕೆ ಇಡೀ ಸಂದೇಶ ಕೈಗೆ ಬರುತ್ತದೆಂದು ನಂಬಬೇಡಿ.

ಲಾಗಿನ್ ಕಳುಹಿಸುವಾಗ ಇದೇ ಲೆಕ್ಕ ತಿರುಗುಮುರುಗು: ಎಕ್ಸ್‌ಎಂಎಲ್‌ನ ಉದ್ದಕ್ಕೆ 4 ಕೂಡಿಸಿ. ಉದ್ದವೆಂದರೆ ಯುಟಿಎಫ್-8ಗೆ ಪರಿವರ್ತಿಸಿದ ಮೇಲಿನ ಬೈಟ್‌ಗಳ ಸಂಖ್ಯೆ, ಅಕ್ಷರಗಳದ್ದಲ್ಲ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಇಂಗ್ಲಿಷ್ ವಿಳಾಸಗಳು ಸರಾಗವಾಗಿ ಹೋಗಿ, ಕನ್ನಡದ ವಿಳಾಸ ಬಂದಾಗ ಮಾತ್ರ ಕೆಡುವ ದೋಷವನ್ನು ಹಿಡಿಯುವುದು ಬಹಳ ಕಷ್ಟ. ದಯವಿಟ್ಟು ಇದನ್ನು ಈಗಲೇ ಸರಿಪಡಿಸಿಕೊಳ್ಳಿ.

ಮೊದಲ 4 ಬೈಟ್‌ಗಳೇ ಬಾರದಿದ್ದರೆ ನನ್ನ ಊಹೆ ತಪ್ಪು. ಆಗ ಪೋರ್ಟ್ 700ಕ್ಕೇ ಹೋಗುತ್ತಿದ್ದೀರಾ ನೋಡಿ, ನಿಮ್ಮ ಐಪಿ ವಿಳಾಸ ಮತ್ತು ಕ್ಲೈಂಟ್ ಪ್ರಮಾಣಪತ್ರಕ್ಕೆ ಅನುಮತಿ ಇದೆಯೇ ಎಂದು ರಿಜಿಸ್ಟ್ರಿಯನ್ನು ಕೇಳಿ. ಲಾಗಿನ್‌ಗೆ 1000 (ಯಶಸ್ವಿ) ಎಂಬ ಉತ್ತರ ಬಂದರೆ ಮುಂದಿನ ಆದೇಶ ಕಳುಹಿಸಬಹುದು; ಆದರೆ ಡೊಮೇನ್ ನೋಂದಣಿಯ ಪ್ರಯೋಗಗಳನ್ನು ಪರೀಕ್ಷಾ ಸರ್ವರ್‌ನಲ್ಲೇ ಮಾಡಿ.