ಬೆಲೆ ಹೇಳುವ ಮೊದಲು ಪ್ರಶ್ನೆ ಕೇಳುವವರನ್ನು ಹುಡುಕಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
(ಉತ್ತರಿಸಿದವರು: ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹಲವು ವರ್ಷ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿದ್ದವರು)

ಪ್ರಶ್ನೆ: ನಮ್ಮ ಅಪ್ಪನಿಗೆ 84 ವರ್ಷ. ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿದೆ. ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ನಾವಿರುವುದು ಬೆಂಗಳೂರಿನ ವಿಜಯನಗರದಲ್ಲಿ, ಮೂರನೇ ಮಹಡಿ. ಅಣ್ಣ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಕಳೆದ ವರ್ಷ ಅತ್ತೆ ತೀರಿಕೊಂಡಾಗ ಆಸ್ಪತ್ರೆ ಗೇಟಿನಲ್ಲಿ ಸಿಕ್ಕ ಅಂತ್ಯಸಂಸ್ಕಾರದ ಏಜೆಂಟ್ 12,000 ಎಂದು ಶುರು ಮಾಡಿ ಕೊನೆಗೆ 38,000 ರೂಪಾಯಿ ತೆಗೆದುಕೊಂಡ. ಆಗ ಯಾರಿಗೂ ಮಾತಾಡುವ ಶಕ್ತಿ ಇರಲಿಲ್ಲ. ಈಗ ಹುಡುಕಿದರೆ ಹತ್ತಾರು ಕಂಪನಿಗಳು, ಪ್ಯಾಕೇಜ್‌ಗಳು ಕಾಣುತ್ತವೆ. ಯಾರನ್ನು ನಂಬುವುದು? ಅಪ್ಪ ಇರುವಾಗಲೇ ಇದನ್ನೆಲ್ಲ ವಿಚಾರಿಸುವುದು ತಪ್ಪಾ? ಅಮ್ಮನ ಮುಂದೆ ಬಾಯಿ ಬಿಡಲೂ ಆಗುತ್ತಿಲ್ಲ.
– ಒಬ್ಬ ಮಗಳು

ಉತ್ತರ: ತಪ್ಪಲ್ಲಮ್ಮ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಜಾಸ್ತಿ ನೋವಿರುವುದು ಅಲ್ಲೇ. ಅಪ್ಪನಿಗೆ ಗಂಜಿ ಕುಡಿಸಿ ಬಂದು ಶವವಾಹನದ ನಂಬರ್ ಬರೆದಿಟ್ಟುಕೊಳ್ಳುವುದು ಯಾರಿಗೂ ಸುಲಭವಲ್ಲ. ಆದರೆ ಈಗ ಅರ್ಧ ಗಂಟೆ ಫೋನ್ ಮಾಡಿಟ್ಟರೆ, ಆ ದಿನ ನೀವು ಅಪ್ಪನ ಪಕ್ಕದಲ್ಲಿ ಕೂತಿರಬಹುದು. ಇಲ್ಲದಿದ್ದರೆ ರಸ್ತೆಯಲ್ಲಿ ನಿಂತು ಚೌಕಾಸಿ ಮಾಡಬೇಕಾಗುತ್ತದೆ. ನಿಮ್ಮ ಅತ್ತೆಯ ವಿಷಯದಲ್ಲಿ ಆಗಿದ್ದು ಅದೇ ಅಲ್ವಾ?

ಪ್ಯಾಕೇಜ್ ಎಂಬ ಮಾತಿಗೆ ಹೆದರಬೇಡಿ. ಬಿಚ್ಚಿ ನೋಡಿದರೆ ಅದರಲ್ಲಿರುವುದು ಐದಾರು ಬಿಡಿ ಕೆಲಸ. ಫ್ರೀಜರ್ ಬಾಕ್ಸ್, ವಾಹನ, ಹೊರುವ ಜನ, ಚಟ್ಟ-ಮಡಿಕೆ-ಹೂವಿನ ಸಾಮಾನು, ಪುರೋಹಿತರು, ಚಿತಾಗಾರದ ಓಡಾಟ, ಅಷ್ಟೇ. ಸುಡುವ ಜಾಗ ಆ ಕಂಪನಿಯದಲ್ಲ. ಬೆಂಗಳೂರಿನ ವಿದ್ಯುತ್ ಚಿತಾಗಾರಗಳು ಪಾಲಿಕೆಯವು. ನಿಮಗೆ ಸುಮನಹಳ್ಳಿಯದು, ಮೈಸೂರು ರಸ್ತೆಯದು ಹತ್ತಿರ. ಶ್ರೀರಾಂಪುರದ ಕಡೆ ಹರಿಶ್ಚಂದ್ರ ಘಾಟ್ ಇದೆ. ಅಲ್ಲಿ ಕಟ್ಟುವುದು ಪಾಲಿಕೆ ಗೊತ್ತು ಮಾಡಿದ ಸಣ್ಣ ಶುಲ್ಕ. ಏಜೆಂಟ್ ಕೊಟ್ಟ ಚೀಟಿಯಲ್ಲಿ 'ದಹನದ ಖರ್ಚು' ಎಂದು ದೊಡ್ಡ ಮೊತ್ತ ಕಂಡರೆ ಪಾಲಿಕೆಯ ರಸೀದಿ ಕೊಡಿ ಎಂದು ಕೇಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹಾಗಾಗಿ ಹಳೆಯ ಫೋನ್ ನಂಬರ್ ನಂಬಿಕೊಂಡು ಕೂರಬೇಡಿ. ಮನೆಯಿಂದ ಯಾರಾದರೂ ಒಮ್ಮೆ ಚಿತಾಗಾರಕ್ಕೆ ಹೋಗಿ ನೋಡಿಕೊಂಡು ಬರಲಿ. ಕುಲುಮೆ ರಿಪೇರಿಯಲ್ಲಿ ಇರುವುದೂ ಉಂಟು, ಅದಕ್ಕೇ ಇನ್ನೊಂದು ಜಾಗವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಇನ್ನು ಯಾರನ್ನು ಆರಿಸುವುದು? ನನ್ನ ಅಳತೆಗೋಲು ಒಂದೇ. ಇಬ್ಬರು ಮೂವರಿಗೆ ಫೋನ್ ಮಾಡಿ, ಅಪ್ಪನ ಪರಿಸ್ಥಿತಿ ಹೇಳಿ, ಸುಮ್ನೆ ಇದ್ದುಬಿಡಿ. ಕೆಲವರು ತಕ್ಷಣ ಬೆಲೆ ಹೇಳುತ್ತಾರೆ. ಇನ್ನು ಕೆಲವರು ಪ್ರಶ್ನೆ ಕೇಳುತ್ತಾರೆ: ಎಷ್ಟನೇ ಮಹಡಿ, ಲಿಫ್ಟ್ ಎಷ್ಟು ದೊಡ್ಡದು, ಯಾವ ಡಾಕ್ಟರು ನೋಡುತ್ತಿದ್ದಾರೆ, ಹೊರದೇಶದಿಂದ ಯಾರಾದರೂ ಬರಬೇಕಾ, ನಿಮ್ಮಲ್ಲಿ ಯಾವ ಪದ್ಧತಿ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ. ಈ ಎರಡನೆಯವರನ್ನು ಹಿಡಿದುಕೊಳ್ಳಿ. ನಿಮ್ಮ ಮನೆಯ ಕಷ್ಟ ಏನೆಂದು ಗೊತ್ತಿಲ್ಲದೆ ಹೇಳುವ ಬೆಲೆ ಆ ದಿನ ಏರುತ್ತಲೇ ಹೋಗುತ್ತದೆ. 12,000 ಹೋಗಿ 38,000 ಆಗುವುದು ಹೀಗೇ.

ಪೇಸ್‌ಮೇಕರ್ ವಿಷಯ ಚಿಕ್ಕದಲ್ಲ. ಅದರ ಬ್ಯಾಟರಿ ಕುಲುಮೆಯ ಬಿಸಿಗೆ ಸಿಡಿಯುತ್ತದೆ, ಮೊದಲೇ ಡಾಕ್ಟರ ಕೈಯಲ್ಲಿ ತೆಗೆಸಬೇಕು. ಇದನ್ನು ತಾವಾಗಿ ಕೇಳುವವರು ಕೆಲಸ ಗೊತ್ತಿರುವವರು.

ಮೂರನೇ ಮಹಡಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನನ್ನ ಅಮ್ಮ ತೀರಿಕೊಂಡಾಗ ನಾವೂ ಮಹಡಿ ಮನೆಯಲ್ಲಿದ್ದೆವು. ಲಿಫ್ಟ್ ನಾಲ್ಕು ಜನ ನಿಲ್ಲುವಷ್ಟೇ ದೊಡ್ಡದು, ಸ್ಟ್ರೆಚರ್ ಮಲಗಿಸಿ ಹಿಡಿಸಲು ಆಗಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಅದು ಗೋಡೆಗೆ ಸಿಕ್ಕಿಕೊಂಡಿತು. ವಾಹನದವನ ಜೊತೆ ಬಂದಿದ್ದು ಒಬ್ಬನೇ ಹುಡುಗ. ಕೊನೆಗೆ ನನ್ನ ಭಾವ, ಕೆಳಗಿನ ಮನೆಯವರು, ಪಕ್ಕದ ಅಂಗಡಿಯವರು ಸೇರಿ ಇಳಿಸಿದರು. 'ತಲೆ ಮೇಲಕ್ಕೆ, ತಲೆ ಮೇಲಕ್ಕೆ' ಎಂದು ಭಾವ ಕೂಗುತ್ತಿದ್ದದ್ದು ಇವತ್ತಿಗೂ ಕಿವಿಯಲ್ಲಿದೆ. ಅಮ್ಮನ ಕಾಲಿನ ಮೇಲಿನ ಹೂವೆಲ್ಲ ಮೆಟ್ಟಿಲ ಮೇಲೆ ಉದುರಿತ್ತು. ಅಂಥದ್ದು ನಿಮಗೆ ಆಗಬಾರದು. ಮೆಟ್ಟಿಲು, ತಿರುವು, ಲಿಫ್ಟಿನ ಒಳಗು ಮೂರರ ಫೋಟೊ ಇವತ್ತೇ ತೆಗೆದು ಅವರಿಗೆ ವಾಟ್ಸ್ಆ್ಯಪ್ ಮಾಡಿ. 'ಹೊರಲು ಎಷ್ಟು ಜನ ಬರುತ್ತೀರಿ, ತಿರುವಿನಲ್ಲಿ ಹೇಗೆ ಇಳಿಸುತ್ತೀರಿ' ಎಂದು ಕೇಳಿ. ನಾಲ್ವರು ಬರುತ್ತೇವೆ, ಹಿಡಿ ಇರುವ ಗಟ್ಟಿ ಬಟ್ಟೆಯ ಸ್ಟ್ರೆಚರ್ ತರುತ್ತೇವೆ ಎಂದರೆ ಅವರಿಗೆ ಅನುಭವವಿದೆ ಎಂದರ್ಥ.

ಅಣ್ಣ ಡಲ್ಲಾಸ್‌ನಿಂದ ಬರಲು, ಟಿಕೆಟ್ ತಕ್ಷಣ ಸಿಕ್ಕರೂ ಒಂದೂವರೆ ದಿನವಾದರೂ ಬೇಕು. ಅಲ್ಲಿಯವರೆಗೆ ಫ್ರೀಜರ್ ಬಾಕ್ಸ್ ಬೇಕಾಗುತ್ತದೆ. ಬಾಡಿಗೆ ದಿನಕ್ಕಾ, 24 ಗಂಟೆಗಾ, ಎರಡನೇ ದಿನಕ್ಕೆ ಎಷ್ಟು ಎಂದು ಮೊದಲೇ ಕೇಳಿ. ಪೆಟ್ಟಿಗೆ ಭಾರ, ಮೂರನೇ ಮಹಡಿಗೆ ಹತ್ತಿಸುವುದೇ ಒಂದು ಸಾಹಸ. ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಇಡುವುದು ಒಳ್ಳೆಯದು. ಮನೆ ಮಾಲೀಕರನ್ನೋ ಅಸೋಸಿಯೇಷನ್‌ನವರನ್ನೋ ಈಗಲೇ ಒಂದು ಮಾತು ಕೇಳಿಟ್ಟುಕೊಳ್ಳಿ. ಅಲ್ಲಿ ಪ್ಲಗ್ ಇದೆಯಾ ನೋಡಿ. ಕರೆಂಟ್ ಹೋದರೆ ಏನು ಮಾಡುತ್ತೀರಿ ಎಂದೂ ಬಾಕ್ಸ್ ತರುವವರನ್ನು ಕೇಳಿ. ಅಣ್ಣ ಬರುವುದು ಇನ್ನೂ ತಡವಾಗುವಂತಿದ್ದರೆ ಆಸ್ಪತ್ರೆಯ ಶವಾಗಾರವೇ ವಾಸಿ. ಅಪ್ಪನಿಗೆ ಕಣ್ಣು ದಾನ ಮಾಡುವ ಆಸೆ ಇದ್ದರೆ ಅದು ಬಾಕ್ಸಿಗಿಂತ ಮೊದಲು. ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬಂದು ಕಾರ್ನಿಯಾ ತೆಗೆದುಕೊಳ್ಳಬೇಕು. ಅವರು ಬರುವವರೆಗೆ ಫ್ಯಾನ್ ನಿಲ್ಲಿಸಿ, ಕಣ್ಣು ಮುಚ್ಚಿ, ರೆಪ್ಪೆ ಮೇಲೆ ಒದ್ದೆ ಹತ್ತಿ ಇಡಿ, ತಲೆಗೆ ದಿಂಬು ಕೊಡಿ.

ಇನ್ನು ಕಾಗದ. ದಯವಿಟ್ಟು ಇದನ್ನು ಹೂವಿಗಿಂತ, ವಾಹನಕ್ಕಿಂತ ಮೇಲೆ ಇಡಿ. ಮನೆಯಲ್ಲಿ ಜೀವ ಹೋದರೆ, ನೋಡಿಕೊಳ್ಳುತ್ತಿದ್ದ ಡಾಕ್ಟರು ಬಂದು ಸಾವನ್ನು ದೃಢಪಡಿಸಿ ಕಾರಣ ಬರೆದುಕೊಡಬೇಕು. ಅದು ಫಾರಂ 4ಎ. ಅದಿಲ್ಲದೆ ಚಿತಾಗಾರದಲ್ಲಿ ಪರದಾಡಬೇಕಾಗುತ್ತದೆ. ರಾತ್ರಿ ಎರಡು ಗಂಟೆಗೆ ಆದರೆ ಯಾರು ಬರುತ್ತಾರೆ? ಈ ಪ್ರಶ್ನೆಯನ್ನು ಇವತ್ತೇ ನಿಮ್ಮ ಡಾಕ್ಟರಿಗೆ ಕೇಳಿ. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯದಂಥ ಸಂಸ್ಥೆಯ ತಂಡ ಮನೆಗೆ ಬಂದು ನೋಡುತ್ತಿದ್ದರೆ ಅವರನ್ನೂ ಕೇಳಿ. ಇಂಥ ಪ್ರಶ್ನೆ ಅವರಿಗೆ ಹೊಸದಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ.

ಅಪ್ಪನ ಆಧಾರ್‌ನ ನಾಲ್ಕು ಜೆರಾಕ್ಸ್, ನಿಮ್ಮದು ಎರಡು, ಒಂದು ಕವರಿನಲ್ಲಿ ಹಾಕಿಡಿ. ನಮ್ಮ ಅಮ್ಮನನ್ನು ಊರೆಲ್ಲ ಕರೆಯುತ್ತಿದ್ದ ಹೆಸರೇ ಬೇರೆ, ಆಧಾರ್‌ನಲ್ಲಿದ್ದ ಹೆಸರೇ ಬೇರೆ. ಆ ದಿನ ಮರಣ ನೋಂದಣಿಯ ಫಾರಂ ಬರೆಸಿದ್ದು ವಾಹನದ ಡ್ರೈವರ್. ಅವನಿಗೆ ಅಕ್ಕಪಕ್ಕದವರು ಹೇಳಿದ್ದು ಕರೆಯುವ ಹೆಸರು. ಅದನ್ನು ತಿದ್ದಿಸಿ, ಬ್ಯಾಂಕಿನಲ್ಲಿ ಒಪ್ಪಿಸುವಷ್ಟರಲ್ಲಿ ಐದು ತಿಂಗಳು ಹೋಯಿತು. ಅದಕ್ಕೇ ಹೇಳುತ್ತೇನೆ, ಫಾರಂ ತುಂಬಲು ಮನೆಯ ಒಬ್ಬರೇ ನಿಲ್ಲಲಿ, ಅಳು ಬಂದರೂ ಅಕ್ಷರ ಅಕ್ಷರ ಓದಿ ಸಹಿ ಹಾಕಲಿ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರೇ ತಿಳಿಸುತ್ತಾರೆ, ಮನೆಯಲ್ಲಾದರೆ ಅದು ಮನೆಯವರ ಹೊಣೆ. ಮರಣ ಪ್ರಮಾಣಪತ್ರ ತಂದುಕೊಡುತ್ತೇವೆ ಎಂದು ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.

ಒಂದು ವೇಳೆ ಕೊನೆ ಗಳಿಗೆಯಲ್ಲಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಇದೊಂದು ನೆನಪಿರಲಿ. ಬಿಲ್ ಬಾಕಿ ಇದೆ ಎಂದು ಖಾಸಗಿ ಆಸ್ಪತ್ರೆ ದೇಹ ಕೊಡದೆ ಇಟ್ಟುಕೊಳ್ಳುವಂತಿಲ್ಲ. 2017ರಲ್ಲಿ ತಿದ್ದುಪಡಿಯಾದ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದನ್ನು ಹೇಳುತ್ತದೆ. ಬಾಕಿಯನ್ನು ಅವರು ಆಮೇಲೆ ವಸೂಲಿ ಮಾಡಿಕೊಳ್ಳಬಹುದು.

ಸೌದೆಯಾ, ಕರೆಂಟಾ ಎಂಬುದು ಮನೆಯವರ ಮನಸ್ಸಿಗೆ ಬಿಟ್ಟಿದ್ದು. ವಿದ್ಯುತ್ ಕುಲುಮೆಯಲ್ಲಿ ಒಂದೆರಡು ಗಂಟೆಯಲ್ಲಿ ಮುಗಿದು ಅವತ್ತೇ ಅಸ್ಥಿ ಸಿಗುತ್ತದೆ. ಸೌದೆಯಾದರೆ ಕ್ವಿಂಟಲ್‌ಗಟ್ಟಲೆ ಬೇಕು, ಅಸ್ಥಿಗೆ ಮರುದಿನವೋ ಮೂರನೇ ದಿನವೋ ಹೋಗಬೇಕು. ಮಳೆಗಾಲದಲ್ಲಿ ಒಣ ಸೌದೆ ಇದೆಯಾ ಎಂದು ಕೇಳದೆ ಒಪ್ಪಿಕೊಳ್ಳಬೇಡಿ. ಅಸ್ಥಿಯ ಮಡಿಕೆಗೆ ಹೆಸರಿನ ಚೀಟಿ ಕಟ್ಟಿಸಿ. ಅಣ್ಣ ವಾಪಸ್ ಹೋಗುವ ಮೊದಲು ಪಶ್ಚಿಮವಾಹಿನಿಗೆ ಹೋಗಿಬರುವುದಿದ್ದರೆ ಆ ದಿನವನ್ನೂ ಪುರೋಹಿತರ ಹತ್ತಿರ ಈಗಲೇ ಮಾತಾಡಿ. ಅಸ್ಥಿಯನ್ನು ಆಮೇಲೆ ತೆಗೆದುಕೊಳ್ಳೋಣ ಎಂದು ಮಾತ್ರ ಬಿಡಬೇಡಿ. ಕೋವಿಡ್ ಸಮಯದಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಾರದೆ ಉಳಿದ ಅಸ್ಥಿಗಳನ್ನು 2021ರ ಜೂನ್‌ನಲ್ಲಿ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು. ಐನೂರಕ್ಕೂ ಹೆಚ್ಚು ಜನರದು. ಆ ಸಾಲು ಮಡಿಕೆಗಳನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಹಣದ ಮಾತು ಬಾಯಲ್ಲಿ ಬೇಡ. ಯಾವುದಕ್ಕೆ ಎಷ್ಟು, ಯಾವುದು ಸೇರಿಲ್ಲ, ರಾತ್ರಿಗೆ ಬೇರೆ ರೇಟಾ, ವಾಹನ ಕಾಯ್ದರೆ ಎಷ್ಟು ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಕುಲುಮೆಯ ಹತ್ತಿರ ದುಡಿಯುವವರು ಕೈಗೆ ಏನಾದರೂ ಕೇಳಬಹುದು. ಅದು ಶುಲ್ಕವಲ್ಲ, ಇಷ್ಟೇ ಕೊಡಬೇಕೆಂದೂ ಇಲ್ಲ. ಆದರೂ ನಾನು ಕೊಡುತ್ತೇನೆ. ಆ ಬಿಸಿಯಲ್ಲಿ ದಿನವಿಡೀ ನಿಂತು, ನಾವು ನೋಡಲಾರದ್ದನ್ನು ನಮಗಾಗಿ ಮಾಡುವವರು ಅವರು.

ಅಮ್ಮನ ಹತ್ತಿರ ನೇರವಾಗಿ ಕೇಳಬೇಡಿ. 'ತಾತನ ಕಾರ್ಯ ಎಲ್ಲಿ ಮಾಡಿದ್ರಿ, ಯಾರು ಮಾಡಿಸಿದ್ರು?' ಎಂದು ಹಳೆಯದನ್ನು ಕೆದಕಿ. ಅಪ್ಪನಿಗೆ ಮಾತಾಡುವ ಶಕ್ತಿ ಇದ್ದರೆ ಅವರ ಪಕ್ಕದಲ್ಲೇ ಕೂತು ಕೇಳಿ. ನನ್ನ ಅನುಭವದಲ್ಲಿ ಹಿರಿಯರು ಇದನ್ನು ನಮಗಿಂತ ಮೊದಲೇ ಯೋಚಿಸಿರುತ್ತಾರೆ. ನಾವು ಕೇಳಲಿ ಎಂದು ಕಾಯುತ್ತಿರುತ್ತಾರೆ.

ಪ್ರಶ್ನೆ: ಅಂತ್ಯಸಂಸ್ಕಾರ ಮಾಡಿಸಿಕೊಟ್ಟ ಕಂಪನಿಯವರು ಬಿಲ್ಲಿಗೆ 18% ಜಿಎಸ್‌ಟಿ ಸೇರಿಸಿದ್ದಾರೆ. ಕೊಡಬೇಕಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಅಂತ್ಯಕ್ರಿಯೆ, ಚಿತಾಗಾರ, ಶವಾಗಾರ, ಶವ ಸಾಗಿಸುವುದು ಇವುಗಳಿಗೆ ಜಿಎಸ್‌ಟಿ ಇಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ ಇವನ್ನು ತೆರಿಗೆಯಿಂದ ಹೊರಗಿಟ್ಟಿದ್ದಾರೆ. 2022ರಲ್ಲಿ 18% ಎಂಬ ಸುದ್ದಿ ಹರಡಿತ್ತು. ಅದು ಚಿತಾಗಾರ ಕಟ್ಟುವ ಗುತ್ತಿಗೆ ಕೆಲಸದ ಮೇಲಿನ ತೆರಿಗೆ, ನಮ್ಮ ನಿಮ್ಮ ಮನೆಯ ಕಾರ್ಯದ್ದಲ್ಲ. ಹದಿಮೂರನೇ ದಿನದ ಊಟದ ಕೇಟರಿಂಗ್ ಅದೇ ಬಿಲ್ಲಿನಲ್ಲಿದ್ದರೆ ಅದಕ್ಕೆ ತೆರಿಗೆ ಬರಬಹುದು. ಎರಡನ್ನೂ ಬೇರೆ ಮಾಡಿಸಿ ಬಿಲ್ ಕೇಳಿ.

ಪ್ರಶ್ನೆ: ನನಗೆ ಅಣ್ಣತಮ್ಮಂದಿರಿಲ್ಲ. ಅಮ್ಮನಿಗೆ ನಾನೇ ಕೊಳ್ಳಿ ಇಡಬೇಕು ಎಂದಿದ್ದೇನೆ. ಚಿತಾಗಾರದಲ್ಲಿ ತಡೆಯುತ್ತಾರಾ?
– ತುಮಕೂರಿನ ಓದುಗರು

ಉತ್ತರ: ಹೆಣ್ಣುಮಕ್ಕಳು ಕೊಳ್ಳಿ ಇಡಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ತಕರಾರು ಬಂದರೆ ಅದು ನೆಂಟರಿಂದ, ಇಲ್ಲವೇ ಪುರೋಹಿತರಿಂದ. ಹಾಗಾಗಿ ಅಂತ್ಯಕ್ರಿಯೆ ಮಾಡಿಸುವವರಿಗೆ ಮೊದಲ ಫೋನಿನಲ್ಲೇ 'ಕಾರ್ಯ ಮಾಡುವವಳು ನಾನು, ಅದಕ್ಕೆ ಒಪ್ಪುವ ಪುರೋಹಿತರನ್ನು ಕರೆತನ್ನಿ' ಎಂದು ಹೇಳಿಬಿಡಿ. ತಡವರಿಸಿದರೆ ಬೇರೆಯವರನ್ನು ನೋಡಿ. ಸೋದರಮಾವನನ್ನೋ ಚಿಕ್ಕಪ್ಪನನ್ನೋ ಒಬ್ಬರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ, ಅಲ್ಲಿ ನಿಮ್ಮ ಪರವಾಗಿ ಮಾತಾಡಲು ಜನ ಇರಲಿ. ಇನ್ನೊಂದು ಮಾತು. ನೀರು ತುಂಬಿದ ಮಡಿಕೆಯನ್ನು ಹೆಗಲ ಮೇಲೆ ಹೊತ್ತು ಮೂರು ಸುತ್ತು ಬರಬೇಕು. ಸಾಮಾನು ತರುವವರು ದೊಡ್ಡ ಮಡಿಕೆಯನ್ನೇ ತರುತ್ತಾರೆ, ನೆನೆದ ಸೀರೆಯಲ್ಲಿ ಅದು ಜಾರುತ್ತದೆ. ಚಿಕ್ಕ ಮಡಿಕೆ ತನ್ನಿ ಎಂದು ಹೇಳಿ. ಸೀರೆಯ ಸೆರಗು ಗಟ್ಟಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಪಕ್ಕದಲ್ಲಿ ನಡೆಯಲು ನಿಮ್ಮ ಗೆಳತಿಯನ್ನು ಕರೆದುಕೊಂಡು ಹೋಗಿ.