ಬ್ಯಾಕಪ್ ಆಗ್ತಿಲ್ಲ, ರಿಸ್ಟೋರ್ ಕೂಡ ಆಗ್ತಿಲ್ಲ: ಮೊದಲು ಏನು ಮಾಡಬೇಕು

ನಮಸ್ಕಾರ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಮನೆಯ ಕಂಪ್ಯೂಟರ್, ವಿಂಡೋಸ್ 10. ಸಿಸ್ಟಮ್ ಇಮೇಜ್ (ವಿಂಡೋಸ್ ಸಮೇತ ಇಡೀ ಡ್ರೈವ್‌ನ ಪ್ರತಿ) ತೆಗೆಯಲು ಹೋದರೆ 80780119 ಅಂತ ಎರರ್ ಬಂದು ನಿಲ್ಲುತ್ತದೆ. ಒಂದು ಡ್ರೈವರ್ ಹಾಕಿದ ಮೇಲೆ ಕಂಪ್ಯೂಟರ್ ಕೆಟ್ಟಿತು ಅಂತ ಸಿಸ್ಟಮ್ ರಿಸ್ಟೋರ್ (ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವುದು) ಮಾಡಿದರೆ ಅದೂ 80070005 ತೋರಿಸಿ ಕೈಬಿಡುತ್ತದೆ. (ಎರಡರ ಮುಂದೆಯೂ ಸೊನ್ನೆ-ಎಕ್ಸ್ ಇರುತ್ತದೆ, ಇಲ್ಲಿ ಬಿಟ್ಟಿದ್ದೇನೆ.) ನಾಲ್ಕು ಸಲ ಪ್ರಯತ್ನಿಸಿದ್ದೀರಿ. ಮಕ್ಕಳ ಫೋಟೋಗಳೆಲ್ಲ ಅದರಲ್ಲೇ ಇವೆ, ಬೇರೆ ಕಡೆ ಪ್ರತಿ ಇಲ್ಲ.

ದಯವಿಟ್ಟು ಐದನೇ ಸಲ ಪ್ರಯತ್ನಿಸಬೇಡಿ. ಈಗಲೇ ಒಂದು ಹೊರಗಿನ ಡಿಸ್ಕ್ ಸಿಕ್ಕಿಸಿ, ಫೋಟೋ ಮತ್ತು ಡಾಕ್ಯುಮೆಂಟ್ ಫೋಲ್ಡರ್‌ಗಳನ್ನು ಕೈಯಿಂದಲೇ ಕಾಪಿ ಮಾಡಿ. ಯಾವ ಸಾಫ್ಟ್‌ವೇರೂ ಬೇಡ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಮರೆಯಬೇಡಿ, ಮುಖ್ಯವಾದದ್ದು ಅಲ್ಲೇ ಉಳಿದುಹೋಗಿರುತ್ತದೆ. ಕಾಪಿ ಆದ ಮೇಲೆ ಹೊರಗಿನ ಡಿಸ್ಕ್‌ನಿಂದಲೇ ಹತ್ತಾರು ಫೋಟೋ ತೆರೆದು ನೋಡಿ, ಆಮೇಲೆ ಅದನ್ನು ತೆಗೆದಿಡಿ. ರಿಪೇರಿ ಏನಿದ್ದರೂ ಅದಾದ ಮೇಲೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಹಳೆಯ ಹಾರ್ಡ್ ಡಿಸ್ಕ್ ನಿಧಾನ ಆದಾಗ, ಸರಿಯಾಗುತ್ತದೆ ಅಂತ ನಾನು ಮೊದಲು ಚೆಕ್‌ಡಿಸ್ಕ್ ಹಾಕಿದೆ, ಅದು ಡಿಸ್ಕ್ ಪರೀಕ್ಷಿಸಿ ಸರಿಪಡಿಸುವ ವಿಂಡೋಸ್ ಕಮಾಂಡ್. /ಆರ್ ಅಂತ ಕೊಟ್ಟರೆ ಅದು ಡಿಸ್ಕ್‌ನ ಪ್ರತಿ ಸೆಕ್ಟರನ್ನೂ ಓದುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಅದೇ ಕೊನೆಯ ಹೊಡೆತ. ಅರ್ಧಕ್ಕೆ ನಿಂತ ಡಿಸ್ಕ್ ಮತ್ತೆ ಏಳಲೇ ಇಲ್ಲ. ಎರಡು ವರ್ಷದ ಫೋಟೋಗಳು ಹೋದವು, ಆ ಸಂಕಟ ಇನ್ನೂ ಇದೆ.

ಹಾಗಾಗಿ ಕಾಪಿ ಮುಗಿದ ಮೇಲೆ ಮೊದಲು ಡಿಸ್ಕ್ ಗಟ್ಟಿ ಇದೆಯಾ ನೋಡಿ. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್‌ಗೆ ಹೋಗಿ, 'ಡಿಸ್ಕ್' ಹೆಸರಿನಲ್ಲಿ ಬಂದಿರುವ ಸಾಲುಗಳನ್ನು ಹುಡುಕಿ. ಇವೆಂಟ್ ನಂಬರ್ 7 ಅಂದರೆ ಬ್ಯಾಡ್ ಬ್ಲಾಕ್, ಅಂದರೆ ಡಿಸ್ಕ್‌ನಲ್ಲಿ ಕೆಟ್ಟುಹೋದ ಜಾಗ. 153 ಅಂದರೆ ಒಂದೇ ಸಲಕ್ಕೆ ಓದಲು ಬರೆಯಲು ಆಗದೆ ಮತ್ತೆ ಪ್ರಯತ್ನಿಸಿದೆ ಅಂತ; ಇದು ಕೇಬಲ್‌ನಿಂದಲೂ ಬರಬಹುದು. 7 ಪದೇ ಪದೇ ಇದ್ದರೆ ಮುಂದಿನದ್ದೆಲ್ಲ ಬಿಟ್ಟು ಡಿಸ್ಕ್ ಬದಲಿಸಿ. ಇಲ್ಲದಿದ್ದರೆ ಮುಂದಕ್ಕೆ ಓದಿ.

80780119 ಬಂದಾಗ ಎಲ್ಲರೂ ಹೊರಗಿನ ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂದುಕೊಳ್ಳುತ್ತಾರೆ. ನೀವೂ ದೊಡ್ಡ ಡಿಸ್ಕ್ ತಂದಿದ್ದೀರಿ. ಆದರೆ ಜಾಗದ ಕೊರತೆ ಸಾಮಾನ್ಯವಾಗಿ ಕಂಪ್ಯೂಟರ್ ಒಳಗೇ ಇರುತ್ತದೆ. ಇಮೇಜ್ ತೆಗೆಯುವಾಗ ವಿಂಡೋಸ್ ಸಿ ಡ್ರೈವ್ ಜೊತೆಗೆ ಸಣ್ಣ ರಿಕವರಿ ಪಾರ್ಟಿಷನ್‌ನದ್ದೂ (ರಿಪೇರಿಗೆ ಬೇಕಾದದ್ದನ್ನು ಇಟ್ಟಿರುವ ಡಿಸ್ಕ್‌ನ ಭಾಗ) ಶ್ಯಾಡೋ ಕಾಪಿ, ಅಂದರೆ ಆ ಕ್ಷಣದ ತಾತ್ಕಾಲಿಕ ಪ್ರತಿ, ಮಾಡುತ್ತದೆ. ಪಾರ್ಟಿಷನ್ 500 ಎಂಬಿಗಿಂತ ಚಿಕ್ಕದಾದರೆ 50 ಎಂಬಿ ಖಾಲಿ ಬೇಕು. ಅದಕ್ಕಿಂತ ದೊಡ್ಡದಾದರೆ 320 ಎಂಬಿ. ಅಪ್‌ಡೇಟ್‌ಗಳು ಬಂದ ಹಾಗೆ ಆ ಸಣ್ಣ ಪಾರ್ಟಿಷನ್ ತುಂಬಿಕೊಳ್ಳುತ್ತದೆ, ಅಲ್ಲಿಗೆ ಇಮೇಜ್ ನಿಲ್ಲುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡಿ ಮೋಸ ಹೋಗಬೇಡಿ, ಸಿ, ಡಿ ಅಂತ ಅಕ್ಷರ ಇಲ್ಲದ ಇಂಥ ಪಾರ್ಟಿಷನ್ ಅಲ್ಲಿ ಯಾವಾಗಲೂ ನೂರಕ್ಕೆ ನೂರು ಖಾಲಿ ಅಂತಲೇ ಕಾಣುತ್ತದೆ. ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಗೆಟ್-ವಾಲ್ಯೂಮ್ ಅಂತ ಕೊಡಿ. ಎಷ್ಟು ಉಳಿದಿದೆ ಅನ್ನುವ ನಿಜವಾದ ಲೆಕ್ಕ ಅಲ್ಲಿ ಸಿಗುತ್ತದೆ.

ಆ ಪಾರ್ಟಿಷನ್ ದೊಡ್ಡದು ಮಾಡಲು ದಾರಿಗಳಿವೆ. ಅಭ್ಯಾಸ ಇಲ್ಲದವರಿಗೆ ನಾನು ಹೇಳುವುದಿಲ್ಲ, ಒಂದು ತಪ್ಪು ಒತ್ತಿದರೆ ಕಂಪ್ಯೂಟರ್ ಏಳುವುದೇ ಇಲ್ಲ. ಈ ಸಿಸ್ಟಮ್ ಇಮೇಜ್ ವ್ಯವಸ್ಥೆ ವಿಂಡೋಸ್ 7 ಕಾಲದ್ದು. ಬೇರೆ ಬ್ಯಾಕಪ್ ಸಾಫ್ಟ್‌ವೇರ್ ಬಳಸಿ ಅಂತ ಮೈಕ್ರೋಸಾಫ್ಟ್ 2017ರಲ್ಲೇ ಹೇಳಿದೆ. ಅದಕ್ಕೆ ಜೋತುಬೀಳುವ ಅಗತ್ಯ ಇಲ್ಲ. ಫೈಲ್‌ಗಳ ಎರಡು ಪ್ರತಿ ಮತ್ತು ಒಂದು ರಿಕವರಿ ಪೆನ್‌ಡ್ರೈವ್ (ವಿಂಡೋಸ್ ಏಳದಿದ್ದಾಗ ಕಂಪ್ಯೂಟರ್ ಶುರು ಮಾಡಲು) ಇದ್ದರೆ ಮನೆಯ ಕಂಪ್ಯೂಟರ್‌ಗೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ವಿಂಡೋಸ್ ಮತ್ತೆ ಹಾಕಬಹುದು, ಫೋಟೋ ಮತ್ತೆ ತೆಗೆಯಲಾಗದು.

ಇನ್ನು 80070005. ಇದರ ಅರ್ಥ 'ಅನುಮತಿ ಇಲ್ಲ'. ಮುಕ್ಕಾಲು ಪಾಲು ಆಂಟಿವೈರಸ್ ತನ್ನ ಫೈಲ್‌ಗಳನ್ನು ಮುಟ್ಟಲು ಬಿಡದೆ ತಡೆದಿರುತ್ತದೆ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸಿಸ್ಟಮ್ ರಿಸ್ಟೋರ್ ಅಂತ ಹೋಗಿ. ಅಲ್ಲಿ ಆಂಟಿವೈರಸ್ ಓಡುತ್ತಿರುವುದಿಲ್ಲ, ಹಾಗಾಗಿ ಜಾಸ್ತಿ ಸಲ ಕೆಲಸ ಆಗಿಬಿಡುತ್ತದೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಹಾಕಿದ್ದರೆ 48 ಅಂಕಿಯ ಕೀ ಕೇಳುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಂಡು ಹೋಗಿ, ಅಲ್ಲಿ ನಿಂತು ಹುಡುಕುವ ಹಾಗಾಗಬಾರದು. ರಿಸ್ಟೋರ್ ಪಾಯಿಂಟ್ (ವಿಂಡೋಸ್ ಉಳಿಸಿಟ್ಟ ಹಿಂದಿನ ಸ್ಥಿತಿ) ಆರಿಸಿದಾಗ 'ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್' ಒತ್ತಿ. ಯಾವ ಪ್ರೋಗ್ರಾಮ್ ಹೋಗುತ್ತದೆ ಅಂತ ತೋರಿಸುತ್ತದೆ.

ಅಲ್ಲೂ ಆಗದಿದ್ದರೆ ಸಿಸ್ಟಮ್ ಫೈಲ್‌ಗಳೇ ಕೆಟ್ಟಿರಬಹುದು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್ ಕೊಡಿ. ಅದು ಮುಗಿದ ಮೇಲೆ ಎಸ್‌ಎಫ್‌ಸಿ /ಸ್ಕ್ಯಾನ್‌ನೌ. ಇದೇ ಕ್ರಮ ಇರಲಿ, ಎಸ್‌ಎಫ್‌ಸಿ ರಿಪೇರಿಗೆ ಬೇಕಾದ ಒಳ್ಳೆಯ ಫೈಲ್ ತೆಗೆದುಕೊಳ್ಳುವ ಗೋದಾಮನ್ನು ಡಿಸ್ಮ್ ಮೊದಲು ಸರಿ ಮಾಡುತ್ತದೆ. ಆಮೇಲೆ ಶ್ಯಾಡೋ ಕಾಪಿ ವ್ಯವಸ್ಥೆ ಸರಿ ಇದೆಯಾ ಅಂತ ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್ ಕೊಟ್ಟು ನೋಡಿ. ಎಲ್ಲದರ ಕೆಳಗೂ 'ಸ್ಟೇಬಲ್', 'ನೋ ಎರರ್' ಅಂತ ಇರಬೇಕು. ಬೇರೆ ಏನಾದರೂ ಇದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಬ್ಯಾಕಪ್, ರಿಸ್ಟೋರ್ ಪಾಯಿಂಟ್ ಎರಡೂ ಶ್ಯಾಡೋ ಕಾಪಿ ಮೇಲೇ ನಿಂತಿವೆ.

ಸಿಸ್ಟಮ್ ರಿಸ್ಟೋರ್ ಮಾಡಿದರೆ ಅಳಿಸಿದ ಫೋಟೋ ಸಿಗುತ್ತದೆ ಅಂತ ಕೆಳಗೆ ಯಾರೋ ಬರೆದಿದ್ದಾರೆ, ಅದು ತಪ್ಪು. ಸಿಸ್ಟಮ್ ರಿಸ್ಟೋರ್‌ನಿಂದ ಅಳಿಸಿಹೋದ ಫೋಟೋ ವಾಪಸ್ ಬರುವುದಿಲ್ಲ. ಅದು ವಿಂಡೋಸ್ ಫೈಲ್, ಡ್ರೈವರ್, ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್‌ಗಳ ಕಡತ), ಪ್ರೋಗ್ರಾಮ್‌ಗಳನ್ನು ಹಿಂದಕ್ಕೆ ಒಯ್ಯುತ್ತದೆ, ಅಷ್ಟೇ.

ಕಾಪಿ ಆದ ಮೇಲೆ ಮೂರು ಸಂಗತಿ ಇಲ್ಲಿ ಬರೆಯಿರಿ: ಗೆಟ್-ವಾಲ್ಯೂಮ್ ತೋರಿಸಿದ ಅಷ್ಟೂ ಸಾಲು, ಇವೆಂಟ್ ವ್ಯೂವರ್‌ನಲ್ಲಿ 7 ಅಥವಾ 153 ಇತ್ತಾ, ಆಂಟಿವೈರಸ್ ಯಾವುದು. ರಾತ್ರಿ ನೋಡಿ ಉತ್ತರ ಕೊಡುತ್ತೇನೆ. ಪಾರ್ಟಿಷನ್ ಮಾತ್ರ ಅಲ್ಲಿಯವರೆಗೆ ಮುಟ್ಟಬೇಡಿ.