‘ಓಪನ್ ಫೈಲ್ ಕಳಿಸಿ ಮೇಡಂ’

ಕಳೆದ ಒಂದು ವರ್ಷದಲ್ಲಿ ಆಪ್ತಸಲಹೆಗಾರಳಾದ ನನ್ನ ಬಳಿ ಬಂದ ಗ್ರಾಫಿಕ್ ವಿನ್ಯಾಸಕರಲ್ಲಿ ಮೂವರು ಹೆಚ್ಚುಕಡಿಮೆ ಒಂದೇ ಸಂಕಟವನ್ನು ಹೇಳಿಕೊಂಡರು. ಅವರಲ್ಲಿ ಒಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಯನ್ನು ನನ್ನ ಇಬ್ಬರು ಸಹೋದ್ಯೋಗಿಗಳು ಒಪ್ಪಲಿಲ್ಲ ಎಂಬುದೂ ಬರೆಯಲು ಒಂದು ಕಾರಣ.

ಆಕೆ ಮನೆಯಿಂದಲೇ ಕೆಲಸ ಮಾಡುವವರು. ಬಟ್ಟೆ ಅಂಗಡಿಯೊಂದಕ್ಕೆ ನಾಲ್ಕು ವರ್ಷಗಳಿಂದ ಲೋಗೋ, ಕೈಚೀಲ, ಹಬ್ಬದ ಫ್ಲೆಕ್ಸ್ ಎಲ್ಲವನ್ನೂ ಮಾಡಿಕೊಡುತ್ತಿದ್ದರು. ಒಂದು ಸಂಜೆ ಮಾಲೀಕರ ವಾಟ್ಸ್‌ಆ್ಯಪ್ ಸಂದೇಶ ಬಂತು: “ಎಲ್ಲದರ ಓಪನ್ ಫೈಲ್ ಕಳಿಸಿ ಮೇಡಂ, ಇನ್ಮೇಲೆ ನಮ್ಮ ಹುಡುಗನೇ ನೋಡ್ಕೋತಾನೆ.” ಓಪನ್ ಫೈಲ್ ಎಂದರೆ ವಿನ್ಯಾಸವನ್ನು ಮತ್ತೆ ತಿದ್ದಬಹುದಾದ ಮೂಲ ಫೈಲು. ಆಕೆ ಉತ್ತರಿಸಲಿಲ್ಲ. ಆರು ವಾರ ಕಳೆದರೂ ಉತ್ತರಿಸಿರಲಿಲ್ಲ. ಅಷ್ಟರಲ್ಲಿ ನಿದ್ದೆ ಕೆಟ್ಟಿತ್ತು, ಫೋನು ಸದ್ದು ಮಾಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಮೊದಲ ಭೇಟಿಯಲ್ಲಿ ಆಕೆ ಮಾತಾಡಿದ್ದೆಲ್ಲ ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ಕೃತಿಯನ್ನು ರಚಿಸಿದವರೇ ಅದರ ಮೊದಲ ಒಡೆಯರು; ತಾನು ಅಂಗಡಿಯ ನೌಕರಳಲ್ಲ, ಆದ್ದರಿಂದ ಮಾಲೀಕರಿಗೆ ಹಕ್ಕು ಹೋಗುವ ವಿನಾಯಿತಿ ತನಗೆ ಅನ್ವಯಿಸದು; 19ನೇ ಕಲಮಿನಂತೆ ಹಕ್ಕು ವರ್ಗಾವಣೆಯಾಗಲು ಸಹಿ ಮಾಡಿದ ಬರಹ ಬೇಕು, ಅದರಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷವೆಂದು ಭಾವಿಸಲಾಗುತ್ತದೆ. ಆಕೆಯ ಓದು ಸರಿಯಾಗಿಯೇ ಇತ್ತು. “ತಾಳಿ ಮಾಡಿಸಿದವರು ಅಕ್ಕಸಾಲಿಗನ ಅಚ್ಚು ಕೇಳ್ತಾರಾ ಮೇಡಂ?” ಎಂದೂ ಕೇಳಿದರು. ನಾನು ವಾದಿಸಲಿಲ್ಲ, ಆದರೆ ಆ ಹೋಲಿಕೆ ನನಗೆ ಒಪ್ಪಿಗೆಯಾಗಲಿಲ್ಲ. ತಾಳಿಯನ್ನು ಮತ್ತೆ ಮತ್ತೆ ಮಾಡಿಸುವುದಿಲ್ಲ. ಅಂಗಡಿಯವರು ಮಾತ್ರ ಪ್ರತಿ ದೀಪಾವಳಿಗೂ ಅದೇ ಲೋಗೋವನ್ನು ಬೇರೆ ಬೇರೆ ಅಳತೆಯಲ್ಲಿ ಮುದ್ರಿಸಬೇಕು, ಮತ್ತು ಇಪ್ಪತ್ತು ಅಡಿಯ ಬೋರ್ಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಜೆಪಿಇಜಿ ಹಿಗ್ಗಿಸಿದರೆ ಅಂಚೆಲ್ಲ ಒಡೆದು ಕಾಣುತ್ತದೆ.

ಎರಡನೆಯ ಭೇಟಿಗೆ ಆಕೆ ಲ್ಯಾಪ್‌ಟಾಪ್ ತಂದಿದ್ದರು. “ನೋಡದೆ ನಿಮಗೆ ಅರ್ಥವಾಗೋದಿಲ್ಲ” ಎಂದು ಕೈಚೀಲದ ಕೋರೆಲ್‌ಡ್ರಾ ಫೈಲನ್ನು ತೆರೆದರು. ಬದಿಯಲ್ಲಿ ಚಿತ್ರದ ಪದರಗಳ, ಅಂದರೆ ಲೇಯರ್‌ಗಳ ಉದ್ದನೆಯ ಪಟ್ಟಿಯಿತ್ತು: ‘ಹಳೇ ಕೆಂಪು’, ‘ಬೇಡ’, ‘ಬೇಡವೇ ಬೇಡ’, ‘ವಾರ್ಡ್ ರಾತ್ರಿ’. ಕೊನೆಯದು ಏನೆಂದು ಕೇಳಿದೆ. ಆಕೆ ಅದರ ಕಣ್ಣಿನ ಗುರುತನ್ನು ಒತ್ತಿದಾಗ ಪರದೆಯ ಮೇಲೆ ಸೀರೆಯಂಚಿನ ಒಂದು ಬಳ್ಳಿ ಮೂಡಿತು, ಕೈ ನಡುಗಿದಂತೆ ಅಲ್ಲಲ್ಲಿ ವಕ್ರವಾಗಿತ್ತು. ತಾಯಿ ಆಸ್ಪತ್ರೆಯಲ್ಲಿದ್ದಾಗ, ಮಂಚದ ಕಂಬಿಯ ಮೇಲೆ ಒಣಹಾಕಿದ್ದ ಅವರ ಸೀರೆಯನ್ನೇ ನೋಡುತ್ತ ಬರೆದದ್ದಂತೆ. ಚೀಲದ ಮೇಲೆ ಅಚ್ಚಾದದ್ದು ಅದನ್ನೇ ತಿದ್ದಿದ ರೂಪ. ತಾಯಿ ಮನೆಗೆ ಮರಳಲಿಲ್ಲ.

ಬಹಳ ಹೊತ್ತಿನ ಮೇಲೆ ಆಕೆ ಹೇಳಿದರು: “ಇದನ್ನ ಆ ಹುಡುಗ ನೋಡಬಾರದು ಮೇಡಂ.”

ಕಾನೂನಿನ ಅಷ್ಟೂ ಮಾತು ಈ ಒಂದು ವಾಕ್ಯವನ್ನು ಮುಚ್ಚಿಕೊಂಡಿತ್ತು ಎಂದು ನನಗನ್ನಿಸಿತು. “ಹಾಗಾದರೆ ಅವನು ಏನನ್ನು ನೋಡಬಹುದು?” ಎಂದು ಕೇಳಿದೆ. ಆ ಗಂಟೆಯ ಉಳಿದ ಸಮಯ ಈ ಪ್ರಶ್ನೆಗೇ ಹೋಯಿತು. ಕಡೆಗೆ ನಾವು ಬಂದು ನಿಂತ ಸಲಹೆ ಇದು: ಮೂಲ ಫೈಲು ಆಕೆಯಲ್ಲೇ ಇರಲಿ. ಅದರ ಒಂದು ಪ್ರತಿ ಮಾಡಿ, ಕೈಬಿಟ್ಟ ಲೇಯರ್‌ಗಳನ್ನೆಲ್ಲ ಅಳಿಸಿ, ಅಕ್ಷರಗಳನ್ನು ಬರೀ ರೇಖೆಯ ಆಕಾರಗಳಿಗೆ, ಅಂದರೆ ಕರ್ವ್ಸ್‌ಗೆ ಬದಲಿಸಿ, ತನ್ನ ಹೆಸರಿನ ಪರವಾನಗಿಯಲ್ಲಿ ಕೊಂಡ ಚಿತ್ರಗಳನ್ನು ತೆಗೆದು, ಅಂಗಡಿಗೆ ನಿಜವಾಗಿ ಬೇಕಾದಷ್ಟನ್ನು ಕೊಡಲಿ. ಅದಕ್ಕೊಂದು ದರ ಹೇಳಲಿ. ಯಾವ ಬಳಕೆಗೆ ಕೊಟ್ಟದ್ದೆಂದು ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಲಿ. ಮುಂದಿನ ಗಿರಾಕಿಗಳಿಗೆ ಕೊಡುವ ಕೊಟೇಶನ್ನಿನಲ್ಲಿ, ಮೊತ್ತದ ಕೆಳಗೆ ಸಣ್ಣಕ್ಷರದಲ್ಲಲ್ಲ, ಮೊತ್ತದ ಪಕ್ಕದಲ್ಲೇ ‘ಓಪನ್ ಫೈಲ್ ಇದರಲ್ಲಿ ಸೇರಿಲ್ಲ, ಬೇಕಾದರೆ ಪ್ರತ್ಯೇಕ ದರ’ ಎಂದು ಬರೆಯಲಿ.

ಕಾನೂನು ಆಕೆಯ ಪರವಿರುವಾಗ ಕೊಡಲು ಹೇಳಿದ್ದೇಕೆ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ದರ ಗೊತ್ತುಮಾಡುವುದು ಆಪ್ತಸಲಹೆಗಾರರ ಕೆಲಸವೇ ಎಂದು ಇನ್ನೊಬ್ಬರು ಆಕ್ಷೇಪಿಸಿದರು. ಎರಡನೆಯದಕ್ಕೆ ನನ್ನ ಉತ್ತರ ಸರಳ: ನಿದ್ದೆ ಕೆಡಿಸಿದ ಸಂದೇಶಕ್ಕೆ ಉತ್ತರ ಬರೆಯಲು ನೆರವಾಗದೆ ಉಸಿರಾಟದ ಅಭ್ಯಾಸ ಹೇಳಿ ಕಳಿಸುವುದು ನನಗೆ ಬಾರದು. ಮೊದಲನೆಯದು ಅಷ್ಟು ಸುಲಭವಲ್ಲ. ಕಾಯ್ದೆ ಕೃತಿಯ ಹಕ್ಕಿನ ಬಗ್ಗೆ ಹೇಳುತ್ತದೆ; ತಿದ್ದಬಹುದಾದ ಫೈಲನ್ನು ಗಿರಾಕಿಯ ಕೈಗೆ ಕೊಡಬೇಕೋ ಬೇಡವೋ ಎಂಬುದನ್ನು ಇಬ್ಬರ ಒಪ್ಪಂದಕ್ಕೇ ಬಿಟ್ಟಿದೆ, ಮತ್ತು ಇಲ್ಲಿ ಅಂಥ ಒಪ್ಪಂದವನ್ನು ಯಾರೂ ಮಾಡಿಕೊಂಡಿರಲಿಲ್ಲ. ಹಕ್ಕಿದೆಯೆಂದು ಬಾಯಿ ಬಿಗಿದು ಕುಳಿತು, ಒಬ್ಬ ವ್ಯಾಪಾರಿ ತನ್ನದೇ ಅಂಗಡಿಯ ಹೆಸರನ್ನು ಚೊಕ್ಕವಾಗಿ ಬರೆಸಲಾಗದಂತೆ ಮಾಡುವುದು ಕಸುಬಿನ ಗೌರವ ಕಾಯುವ ದಾರಿಯೆಂದು ನಾನು ನಂಬುವುದಿಲ್ಲ. ಈ ನಂಬಿಕೆ ನನ್ನದು. ಆಕೆಯ ಮೇಲೆ ಹೇರಿದೆನೇ ಎಂದು ಈಗಲೂ ಒಮ್ಮೊಮ್ಮೆ ಕೇಳಿಕೊಳ್ಳುತ್ತೇನೆ.

ಆಕೆ ಮೂರನೆಯ ಭೇಟಿಗೆ ಬರುವಷ್ಟರಲ್ಲಿ ಮಾಲೀಕರು ಚೌಕಾಸಿ ಮಾಡಿ ಹೇಳಿದ ದರದ ಅರ್ಧಕ್ಕೆ ಇಳಿಸಿದ್ದರು, ಆಕೆ ಕೊಟ್ಟಿದ್ದರು. ನಿದ್ದೆ ಬರುತ್ತಿದೆಯೇ ಎಂದು ಕೇಳಿದೆ. ಬರುತ್ತಿದೆ ಎಂದರು, ಆದರೆ ಆ ಹುಡುಗ ಹೊಸ ಬೋರ್ಡಿನಲ್ಲಿ ಕೆಂಪನ್ನು ತೀರ ಕಡುವಾಗಿಸಿದ್ದಾನೆ, ಅದಕ್ಕೆ ತರಕಾರಿ ತರಲು ಈಗ ಹಿಂದಿನ ರಸ್ತೆಯಿಂದ ಹೋಗುತ್ತೇನೆ ಎಂದರು.